ಹಿನ್ನೀರಿನ ಬಾವಿಯ ಮೇಲಿನ ಕಲ್ಲು

ಸುಳ್ಳು ಅನ್ನುವವರು ಈಗಲೇ ಎದ್ದು ಹೋಗಬಹುದು. ಇದು ಹೋದ ಬೇಸಿಗೆಯಲ್ಲಿ ನಮ್ಮ ಸೋದರತ್ತೆಯ ಮಗಳು ಪ್ರಣಾಲಿಗೆ ಆದದ್ದು.

ಭಾಲ್ಕಿ ಕಡೆ, ಹಿನ್ನೀರಿನ ದಂಡೆಗೆ ಅವಳ ಊರು. ನೀರು ಇಳಿದು, ಎಂದೋ ಮುಳುಗಿದ್ದ ಮೆಟ್ಟಿಲುಬಾವಿ ಮೇಲೆದ್ದಿತ್ತು. ಅದರ ಗೋಡೆ ಅಂದರೆ ಊರಿನ ಜಾತಕ! ತಳದಲ್ಲಿ ಕಮಲ ಕೆತ್ತಿದ ಕಲ್ಲು, ನಡುವೆ ಲಿಂಗ, ಬಾಯಿಯ ಕಮಾನಿಗೆ ಫಾರಸಿ ಅಕ್ಷರ. ಎಲ್ಲರ ದೇವರಿಗೂ ಜಾಗವಿತ್ತು. ಪ್ರಣಾಲಿಯ ಓಣಿಯ ಹೆಂಗಸರಿಗೆ ಮಾತ್ರ ಇರಲಿಲ್ಲ. ಬಾವಿ ಮುಳುಗುವ ಮುಂಚೆ ಅವರು ಮೇಲಿನ ಕಲ್ಲಿನ ಮೇಲೆ ಖಾಲಿ ಕೊಡ ಹಿಡಿದು ನಿಲ್ಲಬೇಕಿತ್ತು. ಮೇಲ್ಜಾತಿಯವರು ಯಾರಾದರೂ ಹೊಯ್ದರೆ ನೀರು.

"ಆ ಕಲ್ಲ ದಾಟಿ ಇಳೀಬ್ಯಾಡವ್ವಾ," ಅಂದಿದ್ದಳು ಅಜ್ಜಿ ಶೇವಂತಾಬಾಯಿ. "ಕೆಳಗ ಒಬ್ಬಾಕಿ ಕಾಯ್ತಾಳ."

ಪ್ರಣಾಲಿ ಹಳೇ ಶಾಸನ ಓದುವವಳು. ಸಂಜೆ ಅಚ್ಚು ತೆಗೆಯಲು ಕಮಾನಿನ ಅಕ್ಷರದ ಮೇಲೆ ಹಸಿ ಕಾಗದ ಒತ್ತಿ, ಒಣಗಲಿ ಅಂತ ಬಿಟ್ಟು ಊಟಕ್ಕೆ ಬಂದಳು. ಹತ್ತು ಗಂಟೆಗೆ ಗಾಳಿ ಎದ್ದಿತು. ಓಡಿದಳು. ಕಾಗದ ಆಗಲೇ ಹಾರಿ, ಕಟ್ಟಕಡೆಯ ಮೆಟ್ಟಿಲಿಗೆ ಬಿದ್ದಿತ್ತು...

ಕಿರ್‍ರ್... ಕಿರ್‍ರ್...

ರಾಟೆ ತಿರುಗುವ ಸದ್ದು. ಆ ಬಾವಿಗೆ ರಾಟೆಯೇ ಇಲ್ಲ.

"ಯಾರ ಮನಿಯಾಕಿ?" ಕೆಳಗಿನಿಂದ ಹೆಂಗಸಿನ ದನಿ. ಪಿಸುಮಾತು.

ಪ್ರಣಾಲಿ ಕತ್ತಲೊಳಗೆ ಇಣುಕಿದಳು. "ಶೇವಂತಾಬಾಯಿ ಮೊಮ್ಮಗಳು..."

"ಹಂಗಾದ್ರ ಅಲ್ಲೇ ನಿಲ್ಲು."

ನೋಡಿ, ಅಲ್ಲಿಯವರೆಗೂ ಭಯವಿತ್ತು. ಆ ಮಾತಿಗೆ ಸಿಟ್ಟು ನೆತ್ತಿಗೇರಿತು. ಸತ್ತ ಮೇಲೂ ಇದೇ ಚಾಳಿಯೇ!

"ನಮ್ಮಜ್ಜಿ ನಿಂತಾಳ. ಅವರವ್ವ ನಿಂತಾಳ. ನಾ ನಿಲ್ಲಂಗಿಲ್ಲ. ಏನ್ ಮಾಡ್ತಿ ಮಾಡು!"

ಚಟ್... ಚಟ್... ಚಪ್ಪಲಿ ಬಡಿಯುತ್ತಲೇ ಇಳಿದಳು. ಕಾಗದ ಎತ್ತಿಕೊಂಡಳು. ಅಷ್ಟಕ್ಕೆ ಬಿಡಲಿಲ್ಲ, ಬೊಗಸೆ ತುಂಬಿ ನೀರು ಗಟಗಟ ಕುಡಿದಳು. ಕೆಸರಿನ ವಾಸನೆ. ಕುಡಿದೇ ಕುಡಿದಳು. ರಾಟೆಯ ಸದ್ದು ನಿಂತಿತು. ಯಾರೂ ತಡೆಯಲಿಲ್ಲ.

ಬೆಳಿಗ್ಗೆ ಊರೆಲ್ಲ ಹೋಗಿ ನೋಡಿತು, ನಾನೂ ಇದ್ದೆ. ಮೆಟ್ಟಿಲುಗಳ ಮೆತ್ತನೆ ಹೂಳಿನಲ್ಲಿ ಅವಳ ಚಪ್ಪಲಿ ಗುರುತು, ಇಳಿದದ್ದು, ಹತ್ತಿದ್ದು. ಅದರ ಹಿಂದೆಯೇ ಬರಿಗಾಲಿನ ಹೆಜ್ಜೆಗಳು. ಹೆಂಗಸರವು, ಹತ್ತಿಪ್ಪತ್ತು ಮಂದಿಯವು. ಕೊಡ ಹಿಡಿದು ನಿಲ್ಲುತ್ತಿದ್ದ ಆ ಮೇಲಿನ ಕಲ್ಲಿನಿಂದ ಹೊರಟು ನೀರಿನವರೆಗೆ. ಎಲ್ಲವೂ ಇಳಿದವೇ. ಕಣ್ಣಾರೆ ಕಂಡಿದ್ದೇನೆ, ಎಣಿಸಲು ಹೋಗಿ ಲೆಕ್ಕ ತಪ್ಪಿದ್ದೇನೆ.