ಸೂಲಗಿತ್ತಿ ಕೈ ಕಟ್ಟಿ ಕೂತಳು

ಕಟ್ಟುಕತೆ ಬೇಕಾದವರು ಎದ್ದು ಹೋಗಿ ಮಲಗಿ. ಇದು ನಮ್ಮ ಪಕ್ಕದ ಮನೆಯ ಡಾರ್ಕಸ್ ಟಾಲಿಗೆ ಆದದ್ದು.

ಡಾರ್ಕಸ್ ನಮ್ಮೂರಿನ ಸೂಲಗಿತ್ತಿ. ಆ ರಾತ್ರಿ ಚರ್ಚಿನ ಹಿಂದಿನ ಬಾವಿ ದಾಟಿ ಮಗಳು ಪ್ರೂ ಮನೆಗೆ ಹೊರಟಿದ್ದಳು. ಪ್ರೂಗೆ ದಿನ ತುಂಬಿತ್ತು. ಅಳಿಯ ಉಣ್ಣೆ ಹೇರಿಕೊಂಡು ಬ್ರಿಸ್ಟಲ್‌ಗೆ ಹೋಗಿದ್ದ. ಮನೆಯಲ್ಲಿ ಅವಳೊಬ್ಬಳೇ.

ಬಾವಿಯ ಹತ್ತಿರ ಬಂದಾಗ... ಚಪ್. ಒದ್ದೆ ಕಾಲು ಕಲ್ಲಿನ ಮೇಲಿಟ್ಟ ಸದ್ದು. ಮತ್ತೆ... ಚಪ್.

"ಯಾರದು?"

"ನಾನೇ, ಡಾರ್ಕಸಮ್ಮ. ಹೋದ ಚಳಿಗಾಲ ನಿಮ್ಮೆದುರಿಗೇ ಸತ್ತೆನಲ್ಲ... ಈ ಬಾವಿ ಪಕ್ಕದ ಕೊಟ್ಟಿಗೇಲಿ."

ಡಾರ್ಕಸ್‌ಗೆ ಗುರುತು ಸಿಕ್ಕಿತು. ಎಲ್ಲಿಂದಲೋ ಬಂದಿದ್ದ ಬಸುರಿ, ಮದುವೆಯಾಗದವಳು. ಮಗುವಿನ ಅಪ್ಪ ಯಾರೆಂದು ಗೊತ್ತಾಗದಿದ್ದರೆ ಅದನ್ನು ಊರಿನ ಬಡವರ ಹಣದಲ್ಲೇ ಸಾಕಬೇಕು. ಅದಕ್ಕೇ ಆ ಹಣ ನೋಡಿಕೊಳ್ಳುವ ಯಜಮಾನರು, ಅವನ ಹೆಸರು ಹೇಳುವವರೆಗೆ ಅವಳನ್ನು ಮುಟ್ಟಬೇಡ ಎಂದು ಡಾರ್ಕಸ್‌ಗೆ ಹೇಳಿದ್ದರು. ಹುಡುಗಿ ಬಾಯಿ ಬಿಡಲಿಲ್ಲ. ಡಾರ್ಕಸ್ ಕೈ ಕಟ್ಟಿ ಕೂತಳು. ಬೆಳಗಾಗುವುದರೊಳಗೆ ತಾಯಿ, ಮಗು ಇಬ್ಬರೂ ಹೋದರು. ಡಾರ್ಕಸ್ ಕಲ್ಲೆದೆಯವಳಲ್ಲ, ಯಜಮಾನರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಅಭ್ಯಾಸ.

"ರಾತ್ರಿಯೆಲ್ಲ ಅವನ ಹೆಸರು ಕೇಳಿದ್ರಿ," ಅದು ಪಿಸುಗುಟ್ಟಿತು. "ನನ್ನ ಹೆಸರೇನು, ಹೇಳಿ ನೋಡೋಣ."

ಡಾರ್ಕಸ್ ಬಾಯಿ ತೆರೆದಳು... ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

"ಹಾಗಾದ್ರೆ ಹೋಗಿ. ಮಗಳು ಕಾಯ್ತಿದ್ದಾಳೆ."

ಡಾರ್ಕಸ್ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಹೆದರಿ ಎದೆಗೆ ಅವುಚಿಕೊಂಡಿದ್ದ ಕೈಗಳು ಒಂದಕ್ಕೊಂದು ಹೆಣೆದುಕೊಂಡುಬಿಟ್ಟಿದ್ದವು. ಬಿಡಿಸಲಿಕ್ಕೇ ಬರಲಿಲ್ಲ. ಭುಜದಿಂದ ಬಾಗಿಲು ತಳ್ಳಿ ಒಳಗೆ ಹೋದರೆ ಪ್ರೂ ನೋವಿನಲ್ಲಿ ಒದ್ದಾಡುತ್ತಿದ್ದಳು.

"ಅಮ್ಮಾ, ಮಗು ಅಡ್ಡ ತಿರುಗಿದೆ ಅನ್ಸುತ್ತೆ. ಕೈ ಹಾಕಮ್ಮ... ಯಾಕೆ ಸುಮ್ನೆ ಕೂತೆ?"

ಡಾರ್ಕಸ್ ಬೆರಳುಗಳನ್ನು ಹಲ್ಲಿನಿಂದ ಕಚ್ಚಿ ಎಳೆದಳು. ರಕ್ತ ಬಂತು. ಕೈ ಬಿಡಲಿಲ್ಲ. ಅಷ್ಟರಲ್ಲಿ ಮೇಣದಬತ್ತಿ ಆರಿತು. ಬಾಗಿಲು ಕಿರ್ರೆಂದಿತು. ಕತ್ತಲಲ್ಲಿ ಚಪ್... ಚಪ್... ಅವಳ ಪಕ್ಕದಲ್ಲೇ ಹಾದು ಮಗಳ ಕಡೆಗೆ ಹೋಯಿತು.

"ಅವಳು ಬೇಡ. ನನ್ನ ತಗೊಂಡು ಹೋಗು," ಅಂದಳು ಡಾರ್ಕಸ್.

ಪ್ರೂ ನರಳಾಟ ನಿಂತಿತು... ಉಸಿರು ಕೂಡ ಕೇಳಿಸದು... ಆಮೇಲೆ ಮಗು ಅತ್ತಿತು.

ಆಗ ಡಾರ್ಕಸ್ ಕೈಗಳು ತಾವಾಗಿಯೇ ಬಿಟ್ಟುಕೊಂಡವು. ಒಲೆಯ ಕೆಂಡದಿಂದ ಬತ್ತಿ ಹಚ್ಚಿ ನೋಡಿದರೆ ಕೂಸು ತಾಯಿಯ ಎದೆಯ ಮೇಲಿತ್ತು. ಹೊಕ್ಕುಳಬಳ್ಳಿ ಕೊಯ್ದು ಕಟ್ಟಿ ಆಗಿತ್ತು.

"ನಿನ್ನ ಹಿಂದೆ ಬಂದ್ಳಲ್ಲ, ಅವಳು ಯಾರಮ್ಮ?" ಅಂದಳು ಪ್ರೂ. "ಏನು ತಣ್ಣಗಿತ್ತು ಆ ಕೈ... ನನ್ನನ್ನ ಏನೂ ವಿಚಾರಿಸ್ಲಿಲ್ಲ. ಬಂದೋಳೇ ಕೈ ಹಾಕಿದ್ಲು."

ಡಾರ್ಕಸ್ ಗೋಡೆಗೆ ಮುಖ ಮಾಡಿಕೊಂಡು ಅತ್ತಳು.

ಸುಳ್ಳು ಅನ್ನುವವರು ಅನ್ನಲಿ. ಆ ಕೂಸು ಈಗ ಓಡಾಡುವ ಹುಡುಗಿ. ಬಿಸಿಲಲ್ಲಿ ಆಡಿ ಬಂದರೆ ಮೈಯೆಲ್ಲ ಸುಡುತ್ತಿರುತ್ತದೆ... ಎರಡು ಭುಜ ಮಾತ್ರ ತಣ್ಣಗಿರುತ್ತವೆ. ನಾನೇ ಮುಟ್ಟಿ ನೋಡಿದ್ದೇನೆ.