ಬೂಬ ಬಾಗಿಲಿಗೆ ಬಂದ ಮಧ್ಯಾಹ್ನ

ಮಾನ್ಯ ಅಧ್ಯಕ್ಷರಾದ ರಘುಪತಿಯವರೇ, ವೇದಿಕೆಯ ಮೇಲಿನ ಗಣ್ಯರೇ, ಕುರ್ಲಾದಲ್ಲಿ ಗಾಡಿ ಬದಲಿಸಿ ವಾಶಿಯ ತನಕ ಬಂದಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಸಭಿಕರೇ,

ನಿವೃತ್ತನಾದ ಮೇಷ್ಟರನ್ನು ಸನ್ಮಾನಿಸುವುದು ಸುಲಭ; ಅವನಿನ್ನು ಯಾರನ್ನೂ ಫೇಲು ಮಾಡಲಾರ.

ನನ್ನ ತಂದೆ ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತಿದ್ದರು. ನಾನು ಇಸ್ಲಾಮಿಕ್ ಅಧ್ಯಯನ ಆರಿಸಿಕೊಂಡಾಗ, "ಅರಬ್ಬಿ ಕಲಿತು ಎಂತ ಮಾಡ್ತಿ ಸಂಕರ್ಷಣ? ದುಬೈಯಲ್ಲಿ ಹೋಟೆಲ್ ಹಾಕ್ತಿಯಾ?" ಎಂದು ಕೇಳಿದ್ದರು. ಹೋಟೆಲು ಹಾಕಲಿಲ್ಲ. ಮಾನವಶಾಸ್ತ್ರವನ್ನೂ ಓದಿದೆ, ಮೂವತ್ತು ವರ್ಷ ಪಾಠ ಮಾಡಿದೆ.

ನನಗೆ ಹೆಸರು ತಂದ ಪುಸ್ತಕ ಮೊಹರಮ್ಮಿನ ಕನ್ನಡ ಹಾಡುಗಳದ್ದು. ಆ ಹಾಡುಗಳನ್ನು ಕೊಟ್ಟವಳು ಗುಲ್ಬರ್ಗಾ ಕಡೆಯ ಬೂಬ ಎಂಬ ಹೆಂಗಸು. ಇಲ್ಲೇ ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುತ್ತಿದ್ದಳು, ಗಂಡ ಹಮಾಲ. ನಾಲ್ಕು ವರ್ಷ, ಭಾನುವಾರ ಬಂದರೆ ಅವಳು ಹಾಡುವಳು, ನಾನು ಬರೆದುಕೊಳ್ಳುವೆ. ಪಕ್ಕದ ಜೋಪಡಿಯ ಸಾಬವ್ವ, ಹಣೆಯ ತುಂಬ ವಿಭೂತಿ ಬಳಿದವಳು, ಜೊತೆಗೆ ದನಿಗೂಡಿಸುವಳು. ಸೌಹಾರ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಎಷ್ಟೋ ವಿಚಾರಸಂಕಿರಣಗಳಲ್ಲಿ ಕೇಳಿದ್ದೇನೆ. ಚಪ್ಪಾಳೆಯೂ ಬಿದ್ದಿದೆ.

ತೊಂಬತ್ತಮೂರರ ಜನವರಿ. ಕೋಮುಗಲಭೆಯಲ್ಲಿ ಮುಂಬಯಿ ಉರಿಯುತ್ತಿತ್ತು. ಒಂದು ಮಧ್ಯಾಹ್ನ ಬೂಬ ತನ್ನ ಹನ್ನೆರಡು ವರ್ಷದ ಮಗಳು ಮೌಲಾಬಿಯನ್ನು ಕರೆದುಕೊಂಡು ನೆರೂಳಿನ ಹೌಸಿಂಗ್ ಸೊಸೈಟಿಯಲ್ಲಿದ್ದ ನಮ್ಮ ಫ್ಲ್ಯಾಟಿಗೆ ಬಂದಳು.

"ಸರ್, ಗದ್ದಲ ಮುಗಿಯೂತನಾ ಹುಡುಗೀನ ಇಟ್ಕೋರಿ. ನಾವ್ ಹ್ಯಾಂಗರೆ ಇರ್ತೀವಿ."

ನಾನು ಏನೆಂದೆ? "ಸೊಸೈಟಿಯಲ್ಲಿ ಒಂದು ಮಾತು ಕೇಳ್ತೇನೆ. ನಾಳೆ ಬಾ." ಧರ್ಮಗಳ ಸಂವಾದದ ಬಗ್ಗೆ ಅಷ್ಟರಲ್ಲಾಗಲೇ ಎರಡು ಪುಸ್ತಕ ಬರೆದಿದ್ದವನು ಹೇಳಿದ್ದು ಇಷ್ಟೇ. ಕೈ ಚಿಲಕದ ಮೇಲೇ ಇತ್ತು.

ಅಡುಗೆಮನೆಯಿಂದ ನನ್ನ ಹೆಂಡತಿ ವಾರಿಜಾ ಬಂದಳು. ನನ್ನ ಒಂದು ಪುಟವನ್ನೂ ಓದಿದವಳಲ್ಲ.

"ಕೇಳ್ಲಿಕ್ಕೆ ಎಂತ ಉಂಟು? ನೀನು ಒಳಗೆ ಬಾ ಮಗಾ. ಚಪ್ಪಲಿ ಹೊರಗೆ ಬಿಡ್ಬೇಡ, ಕೈಯಲ್ಲಿ ಹಿಡ್ಕೊಂಡು ಬಾ."

ಹದಿನೇಳು ದಿನ ಮೌಲಾಬಿ ನಮ್ಮಲ್ಲಿದ್ದಳು. ಸೊಸೈಟಿಯ ಸೆಕ್ರೆಟರಿ ವಿಚಾರಿಸಲು ಬಂದಾಗಲೂ "ನಮ್ಮ ಮನೆಯ ಹುಡುಗಿ" ಎಂದವಳು ವಾರಿಜಾ. ನಾನು ಕೋಣೆಯಲ್ಲಿ ಹಾಡಿನ ಪುಸ್ತಕದ ಪ್ರೂಫ್ ತಿದ್ದುತ್ತಿದ್ದೆ. ಒಂದು ದಿನ ಹುಡುಗಿ ಬಂದು ಮೇಜಿನ ಪಕ್ಕ ನಿಂತಳು.

"ಇವು ಅವ್ವನ ಹಾಡೇನ್ರಿ?"

"ಹೌದು."

"ಮತ್ತ ಅವ್ವನ ಹೆಸರ ಬರ್ದೀರೇನ್ರಿ?"

"ಸಹಕರಿಸಿದ ಮಾಹಿತಿದಾರರಿಗೆ ಕೃತಜ್ಞತೆಗಳು" ಎಂದು ಬರೆದಿದ್ದೆ. ಬೂಬಳ ಹೆಸರು ಎರಡನೆಯ ಮುದ್ರಣದಲ್ಲಿ ಬಂತು.

ಗಲಭೆ ತಣಿದ ಮೇಲೆ ಬೂಬ ಬಂದು ಮಗಳನ್ನು ಕರೆದೊಯ್ದಳು. ವಾರಿಜಾಳ ಕೈ ಹಿಡಿದು ಅತ್ತಳು. ನನಗೆ, "ಬರ್ತೀನ್ರಿ ಸರ್" ಎಂದಳು. ಆ ವರ್ಷವೇ ಅವರು ಊರಿಗೆ ಮರಳಿದರು.

ವಾರಿಜಾ ಯಾಕೆ ಬಂದಿಲ್ಲ ಎಂದು ಹಲವರು ಕೇಳಿದಿರಿ. ಇವತ್ತು ಗುಲ್ಬರ್ಗಾದಲ್ಲಿ ಮೌಲಾಬಿಯ ಮದುವೆ. ಲಗ್ನಪತ್ರಿಕೆ ಅಂಚೆಯಲ್ಲಿ ಬಂದಾಗ ತೆಗೆದುಕೊಂಡವನು ನಾನೇ. ಲಕೋಟೆಯ ಮೇಲೆ ವಾರಿಜಾಳ ಹೆಸರೊಂದೇ ಇತ್ತು. ತಿರುಗಿಸಿಯೂ ನೋಡಿದೆ. ಆಮೇಲೆ ಅವಳ ಕೈಗೆ ಕೊಟ್ಟೆ, ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿ ಬಂದೆ.

ಇಷ್ಟು ಹೊತ್ತು ಸಮಾಧಾನದಿಂದ ಕೇಳಿದಿರಿ, ಉಪಕಾರವಾಯಿತು. ನಮಸ್ಕಾರ.