ಹದಿನಾರಲ್ಲ, ಹತ್ತು

ಆ ಬಾಗಿಲು ಸ್ವಲ್ಪ ಮುಂದಕ್ಕೆ ಎಳ್ಕೊಳ್ಳಿ... ಹಾಂ, ಸಾಕು. ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ಸೋದರಮಾವನ ಮಗಳು ಲಿಖಿತಾಗೆ ಆದದ್ದು. ಹೋದ ವರ್ಷ, ಕಾರ್ತಿಕ ಮುಗಿದು ಚಳಿ ಶುರುವಾಗಿತ್ತು.

ಲಿಖಿತ ರಾಬರ್ಟ್‌ಸನ್‌ಪೇಟೆಯ ಒಂದು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸೋ ಕೆಲಸ ಮಾಡ್ತಾಳೆ. ಊರು ಬಂಗಾರಪೇಟೆ ದಾರಿಯಲ್ಲಿ. ಆವತ್ತು ಕೊನೇ ಬಸ್ಸು ಇಳಿದಾಗ ಒಂಬತ್ತೂವರೆ ದಾಟಿತ್ತು. ರಸ್ತೆಯಿಂದ ಮನೆಗೆ ಕಾಲು ಗಂಟೆ ನಡಿಗೆ. ನಡುವೆ ಒಂದು ಹಳೇ ಕಲ್ಲುಬಾವಿ. ಅದರ ಹತ್ತಿರ ಬರುವಾಗ ಸದ್ದು ಕೇಳಿಸ್ತು.

ಸುಂಯ್ಯ್ಯ್...

ನಿಂತಳು. ಬಾವಿಯಿಂದಲ್ಲ. ಮನೆ ಕಡೆಯಿಂದ.

ಚಿರ್ರ್... ಚಿರ್ರ್... ಉಳಿ ಹಿತ್ತಾಳೆಯನ್ನು ಕೆರೆಯೋ ಸದ್ದು.

ಬೇರೆ ಯಾರಾದರೂ ಆಗಿದ್ದರೆ ಹೆದರ್ತಿದ್ದರು. ಲಿಖಿತಾಗೆ ಅಂಗಾಲಿನಿಂದ ನೆತ್ತಿವರೆಗೆ ಉರಿ ಹತ್ತಿತು. ಯಾಕೆ ಅಂದರೆ ಅದು ಅವಳದೇ ಲೇತಿನ ಸದ್ದು.

ಲೋಹದ ತುಂಡು ತಿರುಗಿಸಿ ಕಡೆಯೋ, ಮೇಜಿನ ಮೇಲೆ ಕೂರೋ ಪುಟ್ಟ ಲೇತದು. ಹೊಲಿಗೆ ಮಷೀನಿಗಿಂತ ತುಸು ಉದ್ದ. ಅಂಗಡಿಯಿಂದ ಬಂದು, ದನದ ಕೊಟ್ಟಿಗೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂತು, ಅಂಗೈಯಷ್ಟು ದೊಡ್ಡ ಹಬೆ ಇಂಜಿನ್ ಮಾಡೋದು ಅವಳ ಹುಚ್ಚು. ನಾವು ನಗ್ತಿದ್ದೆವು. "ಇದರಲ್ಲಿ ರೈಲು ಎಳೀತೀಯೇನೇ?" ಅಂತ. ಅವಳು ತಲೆ ಎತ್ತುತ್ತಿರಲಿಲ್ಲ. ಕೂದಲೆಳೆ ಅಳತೆಗೆ ಒಂದೊಂದೇ ತುಂಡು ಕಡೆದು, ಬೆರಳಲ್ಲಿ ಸವರಿ ನೋಡಿ ತನ್ನಷ್ಟಕ್ಕೆ ನಗೋಳು. ಲೇತು ತಂದಿದ್ದು ಹಳೇ ಮಷೀನು ಮಾರೋ ಚಲಪತಿ ಅಂಗಡಿಯಿಂದ. ಇಂಜಿನ್ನಿನ ಡ್ರಾಯಿಂಗೂ ಅವನೇ ಕೊಟ್ಟಿದ್ದ. "ನಾನೇ ಬರ್ದಿದ್ದು ಕಣಮ್ಮ" ಅಂದಿದ್ದ. ಮೂಲೆಯಲ್ಲಿ ಅವನ ಹೆಸರೂ ಇತ್ತು.

ಎಲ್ಲಾ ತುಂಡೂ ಮುಗಿದಿದ್ದವು. ಉಳಿದದ್ದು ಪಿಸ್ಟನ್ ಒಂದೇ... ಸಿಲಿಂಡರಿನೊಳಗೆ ಹಿಂದೆ ಮುಂದೆ ಓಡೋ ತುಂಡು. ಡ್ರಾಯಿಂಗಿನಲ್ಲಿ ಅದರ ಉದ್ದ ಹದಿನಾರು ಮಿಲಿಮೀಟರು. ಹದಿನಾರಕ್ಕೇ ಕಡೆದು ಇಟ್ಟಳು. ಬೆಳಿಗ್ಗೆ ನೋಡಿದರೆ ಯಾರೋ ಕತ್ತರಿಸಿಬಿಟ್ಟಿದ್ದಾರೆ. ಅಳೆದಳು. ಹತ್ತು. ಇನ್ನೊಂದು ಮಾಡಿದಳು. ಅದೂ ಹತ್ತು. ಆವತ್ತು ಶೆಡ್ಡಿನಲ್ಲಿ ಇದ್ದದ್ದು ಮೂರನೆಯದು.

ಓಡಿದಳು. ಶೆಡ್ಡಿನ ಬಾಗಿಲು ತಳ್ಳೋ ಹೊತ್ತಿಗೆ ಸದ್ದು ನಿಂತಿತ್ತು. ಲೈಟು ಹಾಕಿದಳು. ಯಾರೂ ಇಲ್ಲ. ಪಿಸ್ಟನ್ ಲೇತಿನ ಬಾಯಲ್ಲೇ ಇತ್ತು. ಮುಟ್ಟಿದಳು... ಇನ್ನೂ ಬೆಚ್ಚಗಿತ್ತು.

ಅಳೆಯೋದು ಬೇಕಿರಲಿಲ್ಲ. ಆದರೂ ಅಳೆದಳು. ಹತ್ತು.

ಮನೆಯಲ್ಲಿ ಇದ್ದದ್ದು ಇಬ್ಬರೇ. ಅವಳು, ಅವಳ ಅಪ್ಪ ಅಶ್ವತ್ಥಪ್ಪ. ಮಾವ ಎರಡು ಹಸು ಕಟ್ಟಿಕೊಂಡಿದ್ದ. ಹರೆಯದಲ್ಲಿ ಬಂಗಾರಪೇಟೆಯ ಒಂದು ಲೇತ್ ಶಾಪಿನಲ್ಲಿ ನಾಲ್ಕು ವರ್ಷ ಕೈ ಮಸಿ ಮಾಡಿಕೊಂಡವನು. ಈ ಮಷೀನು ಮನೆಗೆ ಬಂದಾಗಿನಿಂದ ಅವನದು ಒಂದೇ ಗೊಣಗಾಟ, "ಈ ಕೊಯ್ಯೋ ಸದ್ದಿಗೆ ಅಸುಗಳು ಆಲೇ ಬಿಡ್ತಿಲ್ಲ" ಅಂತ.

ಲಿಖಿತ ಹೋಗಿ ಅಪ್ಪನ ಕಂಬಳಿ ಎಳೆದು ಬಿಸಾಕಿದಳು.

"ಏಳು! ಎಷ್ಟು ಸಲ ಆಳ್ ಮಾಡ್ತೀಯ ನನ್ನ ಕೆಲ್ಸಾನ?"

"ಏನೇ? ಏನಾಯ್ತೇ?"

"ನಾಟಕ ಆಡ್ಬೇಡ. ನಿನ್ನ ಬಿಟ್ರೆ ಈ ಮನೇಲಿ ಲೇತು ಯಾರಿಗೆ ಬತ್ತದೆ?"

ಮಾವ ಎದ್ದು ಕೂತ. "ನಾನ್ ಮುಟ್ಟಿಲ್ಲ."

"ಇನ್ನೂ ಬೆಚ್ಚಗದೆ ಅದು!"

"ಮುಟ್ಟಿಲ್ಲ ಅಂದ್ನಲ್ಲ."

"ಸುಳ್ಳು."

ಅಷ್ಟೇ ಅಂದದ್ದು. ಸುಳ್ಳು. ಅರವತ್ತೆರಡು ವರ್ಷದ ಮನುಷ್ಯ. ಡೇರಿಗೆ ಹಾಕೋ ಹಾಲಿಗೆ ಒಂದು ತೊಟ್ಟು ನೀರು ಬೆರೆಸಿದವನಲ್ಲ. ಮಗಳ ಮುಖ ನೋಡಿದ, ಕಂಬಳಿ ಎತ್ತಿಕೊಂಡು ಗೋಡೆ ಕಡೆ ತಿರುಗಿ ಮಲಗಿದ. ಬೆಳಗಿನ ಜಾವ ಹಸು ಕರೆದು, ಡೇರಿಗೆ ಹಾಲು ಹಾಕಿ, ಹಂಗೇ ತಂಗಿ ಮನೆಗೆ, ಅಂದರೆ ನಮ್ಮನೆಗೆ ಬಂದುಬಿಟ್ಟ. ನಮ್ಮಮ್ಮ ಎಷ್ಟು ಕೇಳಿದರೂ ಒಂದೇ ಮಾತು. "ನನ್ನ ಸುಳ್ಳ ಅಂದ್ಲು."

ಇತ್ತ ಲಿಖಿತ ಅಂಗಡಿಗೆ ಹೋಗಲಿಲ್ಲ. ನಾಲ್ಕನೇ ಪಿಸ್ಟನ್ ಕಡೆದಳು. ಹದಿನಾರು. ಅಪ್ಪನೂ ಮನೆಯಲ್ಲಿಲ್ಲ, ಇವತ್ತು ಯಾರು ಮುಟ್ತಾರೋ ನೋಡೇ ಬಿಡ್ತೀನಿ ಅಂತ ಶೆಡ್ಡಿನ ಮೂಲೆಯಲ್ಲಿ ಹಿಂಡಿಮೂಟೆ ಮೇಲೆ ಕೂತಳು. ಲೇತಿನ ಪ್ಲಗ್ಗು ಕಿತ್ತು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಕೈಯಲ್ಲಿ ಟಾರ್ಚು.

ಹತ್ತಾಯ್ತು. ಹನ್ನೊಂದಾಯ್ತು. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕೋ ಸದ್ದು... ಕರುಕ್, ಕರುಕ್. ಆಮೇಲೆ ಅದೂ ನಿಂತಿತು.

ಟಿಕ್.

ಲೇತಿನ ಬಾಯಿ ಬಿಗಿ ಮಾಡೋ ಕೀಲಿ ಇದೆಯಲ್ಲ... ಅದನ್ನು ಮೇಜಿನ ಮೇಲೆ ಇಟ್ಟ ಸದ್ದು.

ಕರ್... ಕರ್... ಕರ್... ಕೈಚಕ್ರ ತಿರುಗ್ತಿದೆ.

ಸುಂಯ್ಯ್ಯ್...

ಪ್ಲಗ್ಗು ಅವಳ ಮಡಿಲಲ್ಲೇ ಇದೆ! ಬೆರಳಲ್ಲಿ ಮುಟ್ಟಿ ನೋಡಿಕೊಂಡಳು. ಇದೆ. ಆದರೂ ಲೇತು ತಿರುಗ್ತಿದೆ. ಹಿತ್ತಾಳೆ ಪುಡಿ ನೆಲಕ್ಕೆ ಉದುರೋದು ಕೇಳಿಸ್ತಿದೆ, ಸಣ್ಣಗೆ, ರಾಗಿ ಸುರಿದಂಗೆ.

ಟಾರ್ಚು ಹಾಕಿದಳು.

ಎರಡು ಕೈ ಕಾಣಿಸಿದವು. ಖಾಕಿ ಅಂಗಿ ತೋಳು ಮೊಣಕೈ ಮೇಲಕ್ಕೆ ಬಿಗಿಯಾಗಿ ಮಡಚಿತ್ತು. ಉಗುರಿನ ಸಂದಿಯಲ್ಲಿ ಕರೀ ಗೆರೆ. ಬೆಳಕು ಮೇಲಕ್ಕೆ ಎತ್ತಿದಳು... ಭುಜದವರೆಗೆ ಹೋಯ್ತು. ಅಲ್ಲಿಂದ ಮೇಲೆ ಬೆಳಕು ಹೋಗಲೇ ಇಲ್ಲ.

ನೀವಾಗಿದ್ದರೆ ಏನು ಮಾಡ್ತಿದ್ರಿ? ನಾನಾಗಿದ್ದರೆ ಅಲ್ಲೇ ಬಿದ್ದು ಸಾಯ್ತಿದ್ದೆ. ಅವಳು ಎದ್ದು ನಿಂತು ಬೈದಳು. ಆಣೆ ಮಾಡಿ ಹೇಳ್ತೀನಿ, ಬೈದಳು. ಆದರೆ ದನಿ ಬರಲಿಲ್ಲ, ಪಿಸುಮಾತೇ ಬಂತು.

"ಯಾರಯ್ಯಾ ನೀನು? ನಾಲ್ಕ್ ಸಲ... ನಾಲ್ಕ್ ಸಲ ಕೆಡಿಸಿದ್ದೀಯ. ನಮ್ಮಪ್ಪನ್ನ ಓಡಿಸ್ದೆ. ಬಿಡು ನನ್ನ ಮಷೀನು!"

ಕೈ ನಿಂತಿತು. ಲೇತು ನಿಂತಿತು.

"ಪದಿನಾರು ಇಲ್ಲೆ..." ಪಿಸುದನಿ ಬಂತು. ತಮಿಳು. ಹದಿನಾರಲ್ಲ. "ಪತ್ತು."

"ಡ್ರಾಯಿಂಗಲ್ಲಿ ಹದಿನಾರು ಅಂತದೆ!"

ಒಂದು ಕೈ ಡ್ರಾಯಿಂಗಿನ ಮೇಲೆ ಹೋಯ್ತು. ಮೂಲೆಗೆ. ಚಲಪತಿ ಹೆಸರಿನ ಮೇಲೆ ತೋರುಬೆರಳು ಊರಿತು. ಕಾಗದ ತೂತಾಗೋ ಹಂಗೆ ಒತ್ತಿತು. ಅದು ಸಿಟ್ಟು. ಲಿಖಿತಾಗೆ ಅದು ಚೆನ್ನಾಗಿ ಗೊತ್ತು, ಅವಳೂ ಅದೇ ಸಿಟ್ಟಿನಲ್ಲಿದ್ದಳು.

"ಯಾರ್ ಪೇರು... ಇದು?" ಯಾರ ಹೆಸರಿದು, ಅಂತ.

ಟಾರ್ಚು ಒಂದು ಸಲ ಮಿಣುಕಿತು. ಮತ್ತೆ ಬೆಳಕು ಬಂದಾಗ ಕೈಗಳಿರಲಿಲ್ಲ. ಲೇತಿನ ಬಾಯಲ್ಲಿ ಪಿಸ್ಟನ್ ಇತ್ತು. ಹತ್ತು ಮಿಲಿ.

ಆಮೇಲೆ ಹೆದರಿದಳು. ಕೊಟ್ಟಿಗೆಗೆ ಹೋಗಿ ಹಸುವಿನ ಕೊರಳು ಅಪ್ಪಿಕೊಂಡು ಬೆಳಗಿನವರೆಗೆ ನಿಂತಿದ್ದಳಂತೆ.

ಮೊದಲನೇ ಬಸ್ಸಿಗೇ ಹೋಗಿ ಚಲಪತಿ ಅಂಗಡಿಯ ಮುಂದೆ ನಿಂತಳು. ಅವನು ಶಟರ್ ಎತ್ತುತ್ತಿದ್ದ.

"ಅಣ್ಣ, ಪಿಸ್ಟನ್ ಉದ್ದ ಎಷ್ಟು?"

"ಬರ್ದೈತಲ್ಲಮ್ಮ. ನೋಡ್ಕೊ."

"ಬರ್ದೋರು ನೀವು. ನೀವೇ ಏಳಿ."

"ಈಗ ನೆನಪಿಲ್ಲ. ಬೋಣಿ ಆಗಿಲ್ಲ ಇನ್ನ..."

"ಹತ್ತಂತೆ. ಹದಿನಾರಲ್ವಂತೆ."

"ಯಾರೇಳಿದ್ದು?"

"ಈ ಡ್ರಾಯಿಂಗ್ ಬರ್ದೋರು."

ಚಲಪತಿ ಕೈಯಿಂದ ಶಟರ್ ಜಾರಿ ಢಣಾರ್ ಅಂತ ಬಿತ್ತು. "ಸೆಲ್ವರಾಜ್ ಸತ್ತು ಮೂರ್ ವರ್ಷ ಆಯ್ತಲ್ಲಮ್ಮ..." ಅಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಆಗಲೇ ತಡವಾಗಿತ್ತು. ಲಿಖಿತ ಅಕ್ಕಪಕ್ಕದ ಅಂಗಡಿಯಲ್ಲಿ ಸೆಲ್ವರಾಜ್ ಮನೆ ಕೇಳಿಕೊಂಡು ಹೊರಟಳು.

ಸೆಲ್ವರಾಜ್ ಮನೆ ಉರಿಗಾಂ ಲೈನಿನಲ್ಲಿ. ತಗ್ಗು ಮಾಡಿನ, ಹಳೇ ಚಿನ್ನದ ಗಣಿ ಕಾರ್ಮಿಕರ ಮನೆ. ಅವರ ಹೆಂಡತಿ ಅಮುದಾ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸ್ತಿದ್ದರು. ಲಿಖಿತ ರಾತ್ರಿ ನಡೆದದ್ದು ಹೇಳಲಿಲ್ಲ. ಡ್ರಾಯಿಂಗು ಮುಂದೆ ಹಿಡಿದು, "ಅಮ್ಮ, ಇದು ಯಾರ್ದು?" ಅಂದಳು ಅಷ್ಟೇ.

ಆ ಹೆಂಗಸು ಅಳಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಒಂದು ನೋಟ್‌ಬುಕ್ ತಂದು ಲಿಖಿತಳ ಕೈಗೆ ಕುಕ್ಕಿದರು.

"ಎಂಟು ವರುಷ ಬರ್ದ್ರು ಪಾಪಾ ಇದನ್ನ. ಗಣಿ ಮುಚ್ಚಿದ ಮೇಲೆ ಅವರಿಗೆ ಇದೇ ಉಸಿರು. ಅವರು ಹೋದ ಮೇಲೆ ಆ ಚಲಪತಿ ಬಂದ, ಅವರ ಲೇತು ತಗೊಂಡ. ಪುಸ್ತಕಾನ ಜೆರಾಕ್ಸ್ ಮಾಡಿ ನಾಳೆ ತರ್ತೀನಿ, ಅಣ್ಣನ ಹೆಸರು ಹಾಕಿ ಪ್ರಿಂಟ್ ಮಾಡಿಸ್ತೀನಿ ಅಂದ. ಆರು ತಿಂಗಳು ಅಲೆಸಿ ತಂದ. ಈಗ ಫೋನ್ ಗ್ರೂಪಲ್ಲಿ ಊರೂರಿಗೆ ಮಾರ್ತಾನಂತೆ. ತನ್ ಪೇರ್ ಹಾಕಿ! ಕೇಳೋಕೆ ಹೋದ್ರೆ, ನಿಂಗೇನ್ ತಿಳೀತದೆ ಓಗಮ್ಮ ಅಂದ."

ಲಿಖಿತ ಪುಟ ತಿರುಗಿಸಿದಳು. ಪಿಸ್ಟನ್ ಇತ್ತು. ಪಕ್ಕದಲ್ಲಿ ಅಳತೆ. ಸೆಲ್ವರಾಜ್ ಸೊನ್ನೆ ಬರೆಯುವಾಗ ಮೇಲಿನಿಂದ ಒಂದು ಬಾಲ ಎಳೆದುಕೊಂಡು ಇಂಗ್ಲಿಷ್ ಆರರ ಹಂಗೆ ಸುತ್ತೋರು. ಹತ್ತು ಬರೆದರೆ ಗೊತ್ತಿಲ್ಲದವರ ಕಣ್ಣಿಗೆ ಹದಿನಾರೇ. ಕೆಲಸ ಗೊತ್ತಿದ್ದವನು ಒಂದು ಸಲ ಕೂಡಿಸಿ ನೋಡಿದ್ದರೂ ತಿಳೀತಿತ್ತು, ಹದಿನಾರರ ತುಂಡು ಆ ಸಿಲಿಂಡರಿನೊಳಗೆ ಓಡೋಕೇ ಜಾಗವಿಲ್ಲ ಅಂತ. ಅವನು ಕೂಡಿಸಿದ್ದರೆ ತಾನೆ!

"ಬನ್ನಿ ಅಮ್ಮ" ಅಂದಳು. "ನಡೀರಿ ನಂಜೊತೆ."

ಇಬ್ಬರೂ ಆಟೋ ಹತ್ತಿ ಚಲಪತಿ ಅಂಗಡಿಗೆ ಹೋದರು. ಆಗ ಗಿರಾಕಿಗಳಿದ್ದರು. ಅಮುದಾ ಗಲ್ಲಾಪೆಟ್ಟಿಗೆ ಮೇಲೆ ನೋಟ್‌ಬುಕ್ ಬಡಿದರು. ಚಲಪತಿ ಮೊದಲು ನಕ್ಕ. ಆಮೇಲೆ ಗದರಿದ. "ಸತ್ತೋರ್ ಎಸ್ರು ಏಳ್ಕೊಂಡು ನನ್ ಮರ್ವಾದೆ ತೆಗೀತೀರಾ? ನಡೀರಿ ಆಚೆ!"

ಲಿಖಿತ ಅವನ ಹತ್ತಿರ ಬಗ್ಗಿದಳು. ಮೆಲ್ಲಗೆ ಹೇಳಿದಳು.

"ಆಯ್ತಣ್ಣ. ಇವತ್ತು ರಾತ್ರಿ ನಮ್ ಶೆಡ್ಡಿಗೆ ಬಾ. ಅವರು ದಿನಾ ಬತ್ತಾರೆ. ಯಾರ್ ಪೇರು ಇದು ಅಂತ ಕೇಳ್ತಾರೆ. ನೀನೇ ಏಳು."

ಚಲಪತಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಬಾಗಿಲ ಕಡೆ ಒಮ್ಮೆ ನೋಡಿದ... ನಟ್ಟನಡು ಮಧ್ಯಾಹ್ನ, ಬೀದಿ ತುಂಬ ಜನ. ಆದರೂ ಅವನ ಹಣೆಯಲ್ಲಿ ಬೆವರು. ಫೋನು ತೆಗೆದು ಆ ಗ್ರೂಪು ತೆರೆದ. ಲಿಖಿತ ಒಂದೊಂದೇ ಮಾತು ಹೇಳಿದಳು, ಅವನು ಒತ್ತಿದ. ಡ್ರಾಯಿಂಗು ಉರಿಗಾಂ ಸೆಲ್ವರಾಜ್ ಅವರದು. ನನ್ನದಲ್ಲ. ಪಿಸ್ಟನ್ ಉದ್ದ ಹತ್ತು. ತಪ್ಪು ನನ್ನದು. ಅಮುದಾ ಅದನ್ನು ಓದಿಸಿ ಕೇಳಿದರು, ಎರಡು ಸಲ. ಆಮೇಲೆ ನೋಟ್‌ಬುಕ್ ಸೆರಗಿನಲ್ಲಿ ಸುತ್ತಿಕೊಂಡು, ಅವನ ಕಡೆ ತಿರುಗಿಯೂ ನೋಡದೆ ಇಳಿದು ಹೋದರು.

ಸಂಜೆ ಲಿಖಿತ ನಮ್ಮನೆಗೆ ಬಂದಳು. ಅಶ್ವತ್ಥಪ್ಪ ಮಾವ ಜಗಲಿ ಮೇಲೆ ಕೂತಿದ್ದ. ಅವಳು ಎಲ್ಲಾ ಹೇಳಿದಳು. ಕೈ, ತೋಳು, ದನಿ, ಎಲ್ಲಾ. ನಮಗೆ ಮೈಮೇಲೆ ಮುಳ್ಳೆದ್ದಿತು. ಮಾವ ಮಾತ್ರ ಅಲ್ಲಾಡಲಿಲ್ಲ.

"ತಪ್ಪಾಯ್ತಪ್ಪ" ಅಂದಳು.

"ನಾನು ಮುಟ್ಟಿಲ್ಲ ಅಂದೆ, ನಂಬ್ಲಿಲ್ಲ ನೀನು" ಅಂದ ಮಾವ. "ದೆವ್ವ ಬಂದು ಏಳ್ಬೇಕಾಯ್ತು. ಎತ್ತಪ್ಪನಿಗಿಂತ ದೆವ್ವದ ಮಾತು ದೊಡ್ಡದಾಯ್ತೇನೇ?"

ನಮ್ಮಮ್ಮ ಹಾಕಿದ ಮುದ್ದೆ ಹಂಗೇ ಆರಿಹೋಯ್ತು. ಕೊನೆಗೆ ಮಾವ ಎದ್ದ. "ಅಸುಗಳು ಅಸ್ಕೊಂಡಿರ್ತವೆ" ಅಂದ, ಟವೆಲ್ಲು ಹೆಗಲಿಗೆ ಹಾಕಿಕೊಂಡ. ಮಗಳ ಜೊತೆ ಹೊರಟ, ಆದರೆ ದಾರಿಯುದ್ದಕ್ಕೂ ಅವಳಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ನಾನೂ ಜೊತೆಗೆ ಹೋದೆ. ಇವರಿಬ್ಬರನ್ನೇ ಆ ಮನೆಗೆ ಕಳಿಸೋಕೆ ನಮ್ಮಮ್ಮನಿಗೆ ಧೈರ್ಯ ಬರಲಿಲ್ಲ.

ಆ ರಾತ್ರಿ ಮೂವರೂ ನಡುಮನೆಯಲ್ಲಿ ಮಲಗಿದೆವು. ನಾನು ಕಣ್ಣು ಮುಚ್ಚಿಲ್ಲ. ಒಂದು ಸದ್ದೂ ಇಲ್ಲ. ಇಲಿ ಓಡಿದ್ದೂ ಇಲ್ಲ.

ಬೆಳಿಗ್ಗೆ ಲಿಖಿತ ಶೆಡ್ಡಿನ ಬಾಗಿಲು ತಳ್ಳಿದಳು. ಬರಲಿಲ್ಲ. ನಾನೂ ತಳ್ಳಿದೆ. ಮಾವ ಭುಜ ಕೊಟ್ಟು ನೂಕಿದ. ಒಳಗಿನಿಂದ ಚಿಲಕ ಹಾಕಿತ್ತು. ಆ ಶೆಡ್ಡಿಗೆ ಕಿಟಕಿ ಇಲ್ಲ, ಇನ್ನೊಂದು ಬಾಗಿಲೂ ಇಲ್ಲ. ಏಣಿ ಹಾಕಿ, ಮೇಲಿನ ಒಂದು ತಗಡು ಬಿಚ್ಚಿ ನಾನೇ ಒಳಗೆ ಇಳಿದೆ.

ಒಳಗೆ ಯಾರೂ ಇಲ್ಲ. ನೆಲ ಗುಡಿಸಿತ್ತು. ಹಿತ್ತಾಳೆ ಪುಡಿಯೆಲ್ಲ ಒಂದು ಕಾಗದದಲ್ಲಿ ಕಟ್ಟಿ ಮೂಲೆಗಿಟ್ಟಿತ್ತು. ಲೇತಿಗೆ ಎಣ್ಣೆ ಒರೆಸಿ, ಮೇಲೆ ಗೋಣಿತಾಟು ಹೊದಿಸಿತ್ತು... ಪಾಳಿ ಮುಗಿಸಿ ಮನೆಗೆ ಹೋಗೋನು ಹೊದಿಸಿದಂಗೆ.

ಆಮೇಲೆ ಇವತ್ತಿನವರೆಗೆ ಅಲ್ಲಿ ಏನೂ ಆಗಿಲ್ಲ. ನಂಬೋದು ಬಿಡೋದು ನಿಮ್ಮಿಷ್ಟ. ಆದರೆ ಆ ಚಿಲಕ ತೆಗೆದದ್ದು ಈ ಕೈ. ಚಿಲಕಕ್ಕೆ ಹಚ್ಚಿದ್ದ ಎಣ್ಣೆ ಬೆರಳಿಗೆ ಅಂಟಿಕೊಂಡಿತು. ಎರಡು ಸಲ ಸೋಪು ಹಾಕಿ ತೊಳೆದೆ.